ದಲ್ಲಾಳಿ ಕಾಕಾನ ಸಹಿ ಗಿಟಾರ್

ದಲ್ಲಾಳಿ ಕಾಕಾ ತೀರಿಕೊಂಡ ದಿನ ಮೂಡಲಗಿ ದನದ ಪ್ಯಾಟ್ಯಾಗ ವ್ಯಾಪಾರನ ನಿಂತು ಹೋಗಿತ್ತು ಅಂತ ಮಂದಿ ಹೇಳ್ತಾರ. ಸುಳ್ಳು. ಅವತ್ತು ನಾ ಪ್ಯಾಟ್ಯಾಗ ಇದ್ನಿ. ಎತ್ತು ಅಂಬಾ ಅಂತಿದ್ವು, ಮಂದಿ ಚಹಾ ಕುಡಿಯಾಕತ್ತಿದ್ರು, ಎಲ್ಲಾ ದಿನದಂಗ ನಡದಿತ್ತು. ಆದ್ರ ಒಂದು ಜೋಡಿ ಎತ್ತಿನ ಮುಂದ ಇಬ್ಬರು ರೈತರು ಮುಂಜಾನಿಂದ ಜಗಳಾಡಿ ಜಗಳಾಡಿ, ಕಡೀಕ "ಕಾಕಾ ಇದ್ದಿದ್ರ ಇಷ್ಟೊತ್ತಿಗೆ ಮುಗದ ಹೋಗ್ತಿತ್ತು ನೋಡಪಾ" ಅಂದು, ಇಬ್ಬರೂ ಒಂದ ಕಟ್ಟಿ ಮ್ಯಾಲ ಸುಮ್ಮನ ಕುಂತ್ರು. ಅಷ್ಟು ಮಾತ್ರ ಖರೆ. ಒಬ್ಬ ಮನುಷ್ಯಾಗ ಅಷ್ಟು ಸಾಕು ಅಂತೇನಿ ನಾ.

ಅವರ ಹೆಸರು ಇಲ್ಲಿ ಬರಿಯೂದಿಲ್ಲ. ಬರದ್ರೂ ಮೂಡಲಗ್ಯಾಗ ಯಾರಿಗೂ ಗುರ್ತ ಸಿಗಂಗಿಲ್ಲ. ಆ ಹೆಸರು ರೇಷನ್ ಕಾರ್ಡಿನ್ಯಾಗಷ್ಟ ಇತ್ತು. ಸಣ್ಣವ್ರು ದೊಡ್ಡವ್ರು ಎಲ್ಲಾರಿಗೂ ಅವರು ದಲ್ಲಾಳಿ ಕಾಕಾ, ಅವರ ಹೆಂಡ್ತಿ ಕಾಕು. ಅವರ ಮನಿ ನನ್ನ ಫೋಟೋ ಸ್ಟುಡಿಯೋದ ಬಾಜೂಕ, ನಡುವ ಒಂದ ಗ್ವಾಡಿ. ಎಲ್ಲಾರ ಕೈಯಾಗ ಕ್ಯಾಮೆರಾ ಫೋನ್ ಬಂದ ಮ್ಯಾಲ ನನ್ನ ಕಡೆ ಫೋಟೋಕ್ಕ ಬರೂದು ಎರಡ ನಮೂನಿ ಗಿರಾಕಿ. ಪಾಸ್‌ಪೋರ್ಟ್ ಅಳತಿ ಫೋಟೋ ಬೇಕಾದವ್ರು ಒಂದು, ಎತ್ತು ಒಂದು. ಮಾರೂ ಎತ್ತಿನ ಫೋಟೋ ವಾಟ್ಸಾಪಿಗೆ ಹಾಕೂದು ಈಗಿನ ರೂಢಿ. ಎರಡರಾಗ ಎತ್ತು ಚಲೋ. ಮುಖಾ ಕರ್ರಗ ಬಂದೈತಿ ಅಂತ ಜಗಳ ತಗಿಯೂದಿಲ್ಲ.

ದನದ ದಲ್ಲಾಳಿ ಅಂದ್ರ ಏನ ಕೆಲಸ ಅಂತ ಗೊತ್ತಿಲ್ಲದವ್ರಿಗೆ ಹೇಳ್ತೇನಿ. ಮಾರಾಂವ ಒಬ್ಬ, ಕೊಳ್ಳಾಂವ ಒಬ್ಬ. ಇಬ್ಬರನ್ನೂ ಎದರಾಬದರ ಬಿಟ್ರ ಹೊಡದಾಡ್ತಾರ. ಅದಕ್ಕ ನಡಬರಕ ಒಬ್ಬ ಬೇಕು. ಕಾಕಾ ಹೆಗಲ ಮ್ಯಾಲಿನ ಟಾವೆಲ್ ತಗದು ಮಾರಾವನ ಕೈ ಮ್ಯಾಲ ಹೊಚ್ಚಿ, ಅದರ ಕೆಳಗ ಅವನ ಬೆರಳು ಹಿಡದು ರೇಟ ಮಾತಾಡವ್ರು. ಆಮ್ಯಾಲ ಕೊಳ್ಳಾವನ ಬೆರಳು. ಬಾಯಿ ಮಾತ್ರ ಬ್ಯಾರೇನ ಮಾತಾಡ್ತಿರ್ತಿತ್ತು, ಮಳಿ ಬಂತೇನು, ಕಬ್ಬು ಹ್ವಾತೇನು, ಮಗಳ ಬಾಣಂತನ ಆತೇನು ಅಂತ. ಸುತ್ತ ನಿಂತವ್ರಿಗೆ ಒಂದೂ ತಿಳೀತಿರ್ಲಿಲ್ಲ. ಎತ್ತಿನ ಹಲ್ಲು ನೋಡೂದು, ಮೈ ಮ್ಯಾಲಿನ ಸುಳಿ ನೋಡೂದು, ನಾಕ ಹೆಜ್ಜಿ ನಡಸಿ ನೋಡೂದು, ಎಲ್ಲಾ ಅವರ ಕೆಲಸ. ಹಂಗಂತ ತಪ್ಪತಿರ್ಲಿಲ್ಲ ಅಂತಲ್ಲ. ಕೊಂಡಾಂವ ಸಿಟ್ಟಿಲೆ ತಿರುಗಿ ಬಂದ್ರ, "ಎತ್ತು ಚಲೋನ ಐತಿ ತಮ್ಮಾ, ನಿನ್ನ ಹೊಲಾ ಅದಕ್ಕ ಹಿಡಿಸಿಲ್ಲ" ಅನ್ನವ್ರು. ಬಂದಾಂವ ಹೊಲದ ಮ್ಯಾಲ ಸಿಟ್ಟಾಗಿ ಹೋಗಾಂವ.

"ನಾ ಕೊಳ್ಳಾಂವಲ್ಲ, ಮಾರಾಂವಲ್ಲ, ನಡಬರಕಿನಾಂವ" ಅಂತ ಕಾಕಾ ಹೆಮ್ಮೀಲೆ ಹೇಳವ್ರು. ಅದು ಎಷ್ಟು ಖರೆ ಇತ್ತಂದ್ರ, ದಿನಾ ಮಂದಿ ಕೈಲೆ ಕೊಳ್ಳಸೂ ಮನುಷ್ಯಾಗ ತನ್ನ ಸಲುವಾಗಿ ಒಂದು ಕರವಸ್ತ್ರ ಕೊಳ್ಳಾಕ ಬರ್ತಿರ್ಲಿಲ್ಲ. ಅಂಗಿ, ಧೋತರ, ಚಪ್ಪಲಿ, ಎಲ್ಲಾ ಕಾಕು ತರವ್ರು. ಒಮ್ಮೆ ಕಾಕುಗ ಆರಾಮಿರ್ಲಿಲ್ಲ, ಬದನಿಕಾಯಿ ತರಾಕ ಕಾಕಾನ್ನ ಸಂತಿಗೆ ಕಳಸಿದ್ರು. ನಾನೂ ಸಂಗಾಟ ಹೋಗಿದ್ನಿ. ಮಾರಾಕಿ ಒಂದು ರೇಟ ಹೇಳಿದ್ಲು. ಕಾಕಾ ಕುಕ್ಕರಗಾಲಿಲೆ ಕುಂತು, ಬದನಿಕಾಯಿ ತಿರವಿ ಮುರವಿ ನೋಡಿ, ರೂಢಿ ಜೋರಿಲೆ ನಡಬರಕಿನ ಮನುಷ್ಯಾ ಆಗಿಬಿಟ್ರು. "ಛೇ ಛೇ ತಂಗಿ, ಇಷ್ಟು ಇಳಿಸಿದ್ರ ನಿನಗೇನ ಉಳೀತು? ಮಾಲು ಎಳೇದೈತಿ, ಇನ್ನೊಂದೀಟ ಏರಸು" ಅಂದ್ರು. ಆಕಿ ಬಾಯಿ ತಗದು ನೋಡಿ, ಏರಿಸಿದ್ಲು. ಆಮ್ಯಾಲ ಕಾಕಾ ಹಿಂದ ತಿರುಗಿ ಕೊಳ್ಳಾವನ್ನ ಹುಡಕಿದ್ರು. ಹಿಂದ ನಾ ಒಬ್ಬಾಂವ ನಿಂತಿದ್ನಿ. ಆ ಬದನಿಕಾಯಿ ನಾ ಕೊಂಡ್ನಿ, ಏರಿದ ರೇಟಿಗೆ.

ಕಾಕುಗ ಈ ಕಥಿ ಹೇಳಿದ್ರ ಅವರು ನಗಲೂ ಇಲ್ಲ. "ನಮ್ಮ ಮನ್ಯಾವ್ರು ಜಲ್ಮದಾಗ ಸ್ವಂತ ಬುದ್ಧೀಲೆ ಆರಿಸಿದ್ದು ಒಂದ ಐತಿ. ನನ್ನ. ಅದನ್ನೂ ಖರೆ ಅಂದ್ರ ನಮ್ಮ ಮಾವ್ರು ಆರಿಸಿದ್ದು" ಅಂದ್ರು.

ಇಂಥಾ ಮನುಷ್ಯಾನ ಕಡೆ ಗಿಟಾರ್ ಹೆಂಗ ಬಂತು? ಅದೂ ಕೊಂಡದ್ದಲ್ಲ. ಯಮಕನಮರಡಿಯಾವ ಒಬ್ಬ ಲಾರಿ ಡ್ರೈವರ್ ಕಾಕಾನ ಕಡೀಂದ ಎತ್ತು ಕೊಂಡಿದ್ದ. ಯಾವುದೋ ಆರ್ಕೆಸ್ಟ್ರಾದವ್ರು ಅವನ ಲಾರ್ಯಾಗ ಬಿಟ್ಟು ಹೋದ ಹಳೇ ಗಿಟಾರ್, ತನಗ ಬ್ಯಾಡಾಗಿ, "ನಿಮ್ಮ ಮನ್ಯಾಗ ಇರ್ಲಿ ಕಾಕಾ" ಅಂತ ಕೊಟ್ಟು ಹೋದ. ಕಾಕಾ ಅದನ್ನ ಯಾರ ಕಡೆ ಕಲೀಲಿಲ್ಲ. ಸಂಜೀಕ ಕಟ್ಟಿ ಮ್ಯಾಲ ಕುಂತು ಬಾರಿಸಿ ಬಾರಿಸಿ, ನಮ್ಮ ಓಣಿ ಮಠದಾಗ ಸೋಮವಾರ ಆಗೂ ಭಜನ್ಯಾಗ ಹಿಂದಿನ ಸಾಲಿಗೆ ಹೋಗಿ ಕುಂತು ಬಿಟ್ರು. ಹಾರ್ಮೋನಿಯಂ ಬಾರಸೂ ಮಾಸ್ತರ್ರಿಗೆ ಮೈ ಉರದು ಹೋಗ್ತಿತ್ತು.

"ಕಾಕಾ, ಹಾಡು ಮುಂದ ಹೋಗೇತ್ರಿ. ನೀವು ಇನ್ನೂ ಹಿಂದ ಅದೀರಿ."

"ಎತ್ತಿನ ಹಿಂದ ನಡದ ರೂಢಿ ರೀ ಮಾಸ್ತರ್ರ. ಮುಂದ ಹೋದ್ರ ಹಾಯ್ತೈತಿ."

ಖರೆ ಹೇಳ್ಲಿ? ಕಾಕಾ ಚಲೋ ಬಾರಸ್ತಿರ್ಲಿಲ್ಲ. ಎಡಗೈಯಾಗಿನ ಒಂದು ಬೆರಳಿನ ತುದಿ ಓಡಿ ಹೋಗೂ ಎತ್ತಿನ ಹಗ್ಗಕ್ಕ ಸಿಕ್ಕು ಎಂದೋ ಹೋಗಿತ್ತು. ಆ ಬೆರಳು ಬರೂ ಜಾಗಾದಾಗ ಸ್ವರಾ ಬರ್ತಿರ್ಲಿಲ್ಲ, ಒಂದು 'ಟಪ್' ಅಂತ ಸಪ್ಪಳ ಬರ್ತಿತ್ತು. ಆದ್ರ ವಾರೆಲ್ಲಾ ಮಂದಿ ಎತ್ತು, ಮಂದಿ ಹಟ, ಮಂದಿ ಜಗಳದಾಗ ಇರೂ ಮನುಷ್ಯಾ ಸೋಮವಾರ ಒಂದೀಟು ಹೊತ್ತು ಯಾರ ನಡಬರಕೂ ಇರ್ತಿರ್ಲಿಲ್ಲ. ಕಣ್ಣು ಮುಚ್ಚಿ ಬಾರಸವ್ರು. ಆಗ ಅವರ ಮುಖಾ ನೋಡಿ ನನಗ ಹೊಟ್ಟಿಕಿಚ್ಚು ಆಗ್ತಿತ್ತು. ನನಗ ಅಂಥಾದು ಒಂದೂ ಇಲ್ಲ.

ಮೂರ್ನಾಕು ವರ್ಷದ ಹಿಂದ, ಮಳಿಗಾಲ ಹಿಡಿಯೂ ಹೊತ್ತಿಗೆ, ಆ ಗಿಟಾರ್ ಹ್ವಾತು. ತಂಪಿಗೆ ಹಸಿ ಹಿಡದೈತಿ ಅಂತ ಕಾಕಾ ಅದನ್ನ ಬಿಸಲಿಗೆ ಗ್ವಾಡಿಗೆ ಆನಿಸಿ ಇಟ್ಟಿದ್ರು. ಪ್ಯಾಟಿಗೆ ಹೊಂಟ ಯಾರದೋ ಒಂದು ಹೋರಿಗೆ ಅದನ್ನ ನೋಡಿ ಏನ ತಿಳೀತೋ, ತಲಿ ಬಗ್ಗಿಸಿ ಬಂದು ತಿವೀತು. ಕೊಂಬು ಗಿಟಾರಿನ ತೂತಿನ್ಯಾಗ ಸಿಕ್ಕಿಬಿತ್ತು. ಹೋರಿ ಗಾಬರಿ ಆಗಿ ಗಿಟಾರ್ ಸಮೇತ ಓಣಿತುಂಬ ಓಡೇ ಓಡ್ತು. ಪ್ರತಿ ಹೆಜ್ಜಿಗೂ ತಂತಿ ಝಣ್ ಝಣ್. ಮಠದ ಕಟ್ಟಿ ಮ್ಯಾಲ ಕುಂತ ಮಾಸ್ತರ್ರು, "ಕಾಕಾರ, ನಿಮಗಿಂತ ಇದು ತಾಳದಾಗ ಐತ್ರಿ!" ಅಂತ ಒದರಿದ್ರು. ನಾ ಫೋಟೋ ತಗೀಲಿಲ್ಲ. ಈಗೂ ಹೊಟ್ಟಿ ಉರೀತೈತಿ.

ನಕ್ಕಿದ್ದೆಲ್ಲಾ ಅವತ್ತಿಗೆ ಮುಗೀತು. ಮುಂದಿನ ಸೋಮವಾರ ಕಾಕಾನ ಕೈಯಾಗ ತಾಳಾ ಕೊಟ್ರು. ಬಾರಸೂದ ಮರತು ಕುಂತು ಬಿಟ್ರು. ಪ್ಯಾಟ್ಯಾಗೂ ಹಂಗ. ಒಬ್ಬ ರೈತಗ "ಬಿಡೋ ತಮ್ಮಾ, ಎತ್ತು ತಗೊಂಡು ಏನ ಮಾಡ್ತೀ" ಅಂದ್ರಂತ. ದಲ್ಲಾಳಿ ಬಾಯಾಗ ಬರೂ ಮಾತೇನ್ರಿ ಅದು? ಕಾಕು ನನ್ನ ಸ್ಟುಡಿಯೋಕ್ಕ ಬಂದು, "ಏ ತಮ್ಮಾ, ಇವರನ್ನ ಗೋಕಾಕಕ್ಕ ಕರಕೊಂಡು ಹೋಗಿ ಒಂದು ಡಬ್ಬಿ ಕೊಡಸ್ಕೊಂಡು ಬಾ. ಬಾಯಿ ಸತ್ತ ಗಂಡಸನ್ನ ಮನ್ಯಾಗ ನೋಡಾಕ ಆಗವಲ್ದು" ಅಂದ್ರು. ಗಿಟಾರಿಗೆ ಅವರು ಡಬ್ಬಿ ಅಂತಿದ್ರು. ಮನ್ಯಾಗ ರೊಕ್ಕಾ ಇತ್ತು. ಕೊರತಿ ಇದ್ದದ್ದು ಕಾಕಾನ ಧೈರ್ಯಕ್ಕ.

ಗೋಕಾಕದಾಗ ಭಜನಿ ಸಾಮಾನು, ತಬಲಾ, ಹಾರ್ಮೋನಿಯಂ ಮಾರೂ ಒಂದು ಅಂಗಡಿ. ಸಾವಕಾರ್ರು ಜೈನರ ಪೈಕಿ. ಪುಣೇದವ್ರ ಸಂಗಾಟ ಫೋನಿನ್ಯಾಗ ಮರಾಠಿ, ಗಿರಾಕಿ ಸಂಗಾಟ ಕನ್ನಡ, ಸಿಟ್ಟು ಬಂದ್ರ ಹಿಂದಿ. ಸಾದಾ ಗಿಟಾರ್ ಒಂದು ಸಾಲು ತೂಗಹಾಕಿದ್ರು. ಅವುಗಳ ಮ್ಯಾಲ ಗಾಜಿನ ಕಪಾಟಿನ್ಯಾಗ ಒಂದ ಒಂದು ಬ್ಯಾರೆ ಇತ್ತು. ಜೇನಿನ ಬಣ್ಣ, ತಲಿ ಮ್ಯಾಲ ಬಂಗಾರದ ಅಕ್ಷರದಾಗ ಯಾರದೋ ಇಂಗ್ಲೀಷ ಸಹಿ. ಯಾರೋ ಆರ್ಡರ್ ಕೊಟ್ಟು ತರಿಸಿ, ಆಮ್ಯಾಲ ಈ ಕಡೆ ಹಾಯ್ದಿರ್ಲಿಲ್ಲಂತ. ಕಾಕಾ ಅದರ ಒಂದು ತಂತಿ ಮುಟ್ಟಿದ್ರು. ಅಷ್ಟ. ಆ ಧ್ವನಿ ಅವರ ಕಿವ್ಯಾಗ ಇಳದು ಹ್ವಾತು. ಸಾದಾ ಗಿಟಾರ್ ಕಡೆ ತಿರುಗಿ ನೋಡ್ಲಿಲ್ಲ.

"ಇದು ಬ್ಯಾರೇನ ಐತ್ರಿ ಕಾಕಾ. ಪರದೇಶದಾಗ ದೊಡ್ಡ ಹೆಸರು ಮಾಡಿದ ವಾದಕ ಒಬ್ಬಾಂವ ಅದಾನ. ಅವನ ಕೈಗೆ ಅಂತನ ಅಳತಿ ತಗೊಂಡು ಮಾಡಿದ ಮಾಡೆಲ್. ಆ ಸಹಿ ಅವಂದ."

ಕಾಕಾ ದಲ್ಲಾಳಿ ಕೇಳೂ ಮೊದಲನೇ ಪ್ರಶ್ನೆ ಕೇಳಿದ್ರು. "ಮತ್ತ ಅವ ಯಾಕ ಮಾರಿದ?"

ಸಾವಕಾರ್ರು ನನ್ನ ಮುಖಾ ನೋಡಿದ್ರು. ನಾ ತಬಲಾ ನೋಡಿದ್ನಿ.

"ಅವ ಮಾರಿಲ್ರಿ. ಅವಂದು ಅವನ ಕಡೇನ ಐತಿ. ಅದರಂಗ ಕಂಪನ್ಯಾವ್ರು ಬ್ಯಾರೆ ಮಾಡಿ ಮಾರ್ತಾರ."

"ಅಂದ್ರ ಇದನ್ನ ಅವ ಮುಟ್ಟೇ ಇಲ್ಲ?"

"ಇಲ್ಲ."

"ಮುಟ್ಟಲಾರದ್ದರ ಮ್ಯಾಲ ಸಹಿ ಹಾಕ್ಯಾನ?"

"ದೊಡ್ಡ ಮಂದಿ ಹಂಗ ಹಾಕ್ತಾರ್ರಿ ಕಾಕಾ."

"ಅದೂ ಖರೆ ಬಿಡ್ರಿ" ಅಂದು ಕಾಕಾ ಕೆಲಸ ಶುರು ಮಾಡಿದ್ರು. ತೂತಿನ್ಯಾಗ ಇಣಿಕಿ ನೋಡಿದ್ರು. ಕುತ್ತಿಗಿ ಮ್ಯಾಲಿನ ಅಡ್ಡ ಪಟ್ಟಿ ಬೆರಳಿಲೆ ಸವರಿ, "ಬಾಯಿಗೂಡೇತಿ" ಅಂದ್ರು. ಎತ್ತಿಗೆ ಎಲ್ಲಾ ಹಲ್ಲು ಬಂದ ಮ್ಯಾಲ ಹೇಳೂ ಮಾತು ಅದು. ಬೆನ್ನು ತಿರವಿ ಕಟಗಿ ಗೆರಿ ನೋಡಿ, "ಸುಳಿ ಚಲೋ ಅದಾವ" ಅಂದ್ರು. ಆಮ್ಯಾಲ ಎರಡ ಹೆಜ್ಜಿ ಹಿಂದ ಸರದು, "ಒಂದೀಟ ನಡಸ್ರಿ ನೋಡೂನು" ಅಂದ್ರು.

ಸಾವಕಾರ್ರು ಭಾಳ ಒಳ್ಳೆ ಮನುಷ್ಯಾ. ಗಿಟಾರ್ ಹಿಡಕೊಂಡು ಹಾರ್ಮೋನಿಯಂ ಇಟ್ಟಲ್ಲಿತನಾ ಹೋಗಿ, ತಿರುಗಿ ಬಂದ್ರು. ಕಾಕಾ ಗೋಣು ಹಾಕಿದ್ರು. ಆಮ್ಯಾಲ ಟಾವೆಲ್ ಬಿಚ್ಚಿ ಸಾವಕಾರ್ರ ಕೈ ಮ್ಯಾಲ ಹೊಚ್ಚಿದ್ರು. ಸಾವಕಾರ್ರಿಗೆ ಕಚಗುಳಿ ಆಗಿ ನಕ್ಕಿದ್ದು ನಕ್ಕಿದ್ದ. "ಫಿಕ್ಸ್ ರೇಟ್ ಐತ್ರೀ ಕಾಕಾ, ಬಿಡ್ರಿ, ಬಿಡ್ರಿ!" ಶ್ರಾವಣ ಮುಗಿಯೂದರೊಳಗ ಹೇಳ್ರಿ, ಆಮ್ಯಾಲ ಪುಣೇಕ್ಕ ತಿರುಗಿ ಕಳಸ್ತೇನಿ ಅಂದ್ರು. ಕಾಕಾ ಆತು ಅನ್ನಲಿಲ್ಲ, ಬ್ಯಾಡ ಅನ್ನಲಿಲ್ಲ. ಮೂಡಲಗಿ ಮುಟ್ಟಿ, ಬೈಕ್ ಇಳಿಯೂ ಮುಂದ ಕೇಳಿದ್ರು. "ತಮ್ಮಾ, ಇನ್ನೊಬ್ಬರ ಕೈಗೆ ಅಂತ ಹುಟ್ಟಿದ್ದು ನನ್ನ ಕೈಗೆ ಒಗ್ಗತೈತೇನು?"

ಇಲ್ಲಿಂದ ನನ್ನ ತಲಿಶೂಲಿ ಶುರು. ಓಣ್ಯಾಗ ಎಲ್ಲಾರಿಗೂ ಕಾಕಾಂದು ಇದ ಪ್ರಶ್ನೆ. 'ಹೆಸರಿನ ಸಲುವಾಗಿ ಸಾಮಾನು ತಗೋಬಾರದ್ರಿ' ಅಂದ್ರು ಮಾಸ್ತರ್ರು. ಕಾಕು ಮಾತ್ರ ನೆಟ್ಟಗ ಕೇಳಿದ್ರು. "ಅಲ್ರೀ, ಪ್ಯಾಟ್ಯಾಗ ಮಂದಿಗೆ ಏನ ಹೇಳ್ತೀರಿ ನೀವು? ಎತ್ತು ಯಾರ ಮನ್ಯಾಗರ ಬೆಳದಿರ್ಲಿ, ಎಂಟ ದಿನದಾಗ ನಿಮ್ಮ ಧ್ವನಿ ಹಿಡೀತೈತಿ ಅಂತ ಹೇಳ್ತೀರಿಲ್ಲೋ? ಅದೆಲ್ಲಾ ಸುಳ್ಳೇನು?"

"ಅದು ವ್ಯಾಪಾರದ ಮಾತು."

"ಹಂಗಾರ ಇಷ್ಟ ದಿನಾ ಸುಳ್ಳು ಹೇಳಿದ್ರಿ?"

"ಸುಳ್ಳಲ್ಲ. ಮಂದಿ ಸಲುವಾಗಿ ಖರೆ."

ನಾ ನನ್ನ ಕಂಪ್ಯೂಟರಿನ್ಯಾಗ ಆ ವಾದಕನ ವೀಡಿಯೋ ಹಚ್ಚಿ ತೋರಿಸಿದ್ನಿ. ತಿಳದು ಮಾಡಿದ್ದಲ್ಲ, ಹುರುಪಿಲೆ ಮಾಡಿದ್ದು. ಆ ಮನುಷ್ಯಾ ಕಣ್ಣು ಗಟ್ಟಿ ಮುಚ್ಚಿ, ಬಾಯಿ ವಾರೆ ಮಾಡಿ, ಬೆರಳು ಕಾಣದಂಗ ಬಾರಸಾಕತ್ತಿದ್ದ. ಕಾಕಾ ಕುರ್ಚಿ ಮುಂದ ಎಳಕೊಂಡು ನೋಡಿದ್ರು. "ಪಾಪ, ಹಲ್ಲಬ್ಯಾನಿ ಐತೇನೋ" ಅಂದ್ರು. ಆಮ್ಯಾಲ ಸ್ವಲ್ಪ ಹೊತ್ತಿಗೆ ತಮ್ಮ ಎಡಗೈ ತಗದು ತೊಡಿ ಮ್ಯಾಲ ಇಟ್ಟು, ಆ ಮೋಟ ಬೆರಳು ನೋಡ್ಕೋತ ಕುಂತ್ರು. ನಾ ಥಟ್ಟನ ವೀಡಿಯೋ ಬಂದ್ ಮಾಡಿದ್ನಿ.

ಒಂದು ದಿನ ಮುಂಜಾನೆ ಬಂದು, "ಹುಕ್ಕೇರಿಗೆ ಹೋಗೂನು ನಡಿ, ಒಂದ ನೋಡೂದೈತಿ" ಅಂದ್ರು. ಹುಕ್ಕೇರಿ ಕಾಕುನ ತವರಮನಿ. ಕಾಕುನ ತಮ್ಮಗ ಕಾಕಾ ಎರಡ ವರ್ಷದ ಹಿಂದ ಒಂದು ಎತ್ತು ಕೊಡಿಸಿದ್ರು. ಅಂಥಿಂಥಾ ಎತ್ತಲ್ಲ. ಕಣಗಲಾದ ಕಡೆ ಗಾಡಿ ಶರ್ಯತ್ತಿನ್ಯಾಗ ಹೆಸರು ಮಾಡಿದ ಒಬ್ಬ ಮನುಷ್ಯಾ ತನ್ನ ಕೈಗೆ ಅಂತ ಸಣ್ಣದಿದ್ದಾಗಿಂದ ತಯಾರ ಮಾಡಿದ್ದು. ಅಂಥಾ ಎತ್ತು ಬ್ಯಾರೆಯವ್ರ ಕೈಯಾಗ ಹೆಂಗ ಐತಿ ಅಂತ ನೋಡಿದ್ರ ಗಿಟಾರಿಂದು ಇತ್ಯರ್ಥ ಆಗತೈತಿ ಅಂತ ಕಾಕಾನ ಲೆಕ್ಕ. ನನಗೂ ಅವತ್ತು ಅದು ಖರೆ ಅನಿಸ್ತು. ಅವರ ಬಾಜೂಕ ಇದ್ದು ಇದ್ದು ನನ್ನ ತಲೀನೂ ಹಂಗ ಆಗಿತ್ತು. ಗೋಕಾಕದಾಗ ಕರದಂಟು ಕಟ್ಟಿಸಿಕೊಂಡು, ಘಟಪ್ರಭಾ ದಾಟಿ ಹುಕ್ಕೇರಿಗೆ ಹ್ವಾದ್ವಿ.

ಎತ್ತು ಬೇವಿನ ಗಿಡದ ಕೆಳಗ ಮಲಗಿತ್ತು. ಕಾಕುನ ತಮ್ಮನೂ ಬಾಜೂಕ ಮಲಗಿದ್ದ.

"ಓಡತೈತೇನೋ?" ಅಂದ್ರು ಕಾಕಾ.

"ಓಡೂದ? ಯಾಕ್ರಿ ಮಾವ್ರ, ನನ್ನ ಮ್ಯಾಲ ಏನ ಸಿಟ್ಟು? ಹೊಸದಾಗಿ ಬಂದಾಗ ಗಾಡಿ ಕಟ್ಟಿದ ಕೂಡ್ಲೆ ಹಾರ್ತಿತ್ತು. ಎರಡ ಸಲಾ ಕಾಲವ್ಯಾಗ ಕೆಡವೇತಿ ನನ್ನ. ಈಗ ಹಂಗಿಲ್ಲ. ಹುಲ್ಲಿನ ಗಾಡಿ ಎಳೀತೈತಿ, ನಡುವ ನಿಂತು ಸುತ್ತ ನೋಡತೈತಿ. ನಾನೂ ನೋಡ್ತೇನಿ. ಇಬ್ಬರೂ ಆರಾಮ ಅದೀವಿ."

ಕಾಕಾ ಎತ್ತಿನ ಗಂಗದೊಗಲು ತಿಕ್ಕಿದ್ರು. ಅದು ಕಣ್ಣು ತಗೀಲಿಲ್ಲ.

ತಿರುಗಿ ಬರೂ ಮುಂದ ನಾ ಹುರುಪಿಲೆ ಹೇಳಿದ್ನಿ. "ಆತಲ್ರಿ ಕಾಕಾ! ಎತ್ತು ಒಗ್ಗೇತಿ. ಗಿಟಾರೂ ಒಗ್ಗತೈತಿ. ಮುಗೀತು."

ಘಟಪ್ರಭಾದಾಗ ಚಹಾಕ್ಕ ನಿಂತಾಗ ಅವರು ಬಾಯಿ ಬಿಟ್ರು. "ಒಗ್ಗೇತಿ ಖರೆ. ಆದ್ರ ಓಡೂದ ಬಿಟ್ಟೈತಲ್ಲೋ. ಆ ಗಿಟಾರೂ ಹಂಗ. ಏನೇನೋ ಬಾರಸಬೇಕಂತ ಹುಟ್ಟೇತಿ ಅದು. ನನ್ನ ಕೈಗೆ ಸಿಕ್ಕು, ಮಠದಾಗ ಹಿಂದಿನ ಸಾಲಿನ್ಯಾಗ ಕುಂಡ್ರೂದು. ನಾ ಒಂದ ಸಲಾ ಬಾರಿಸಿದ್ರ ಎರಡ ಸಲಾ ತಪ್ಪಾಂವ. ಪಾಪ ಅಲ್ಲೇನು ಅದಕ್ಕ?"

ನನಗ ಸಿಟ್ಟು ನೆತ್ತಿಗೇರ್ತು. ಕಟಗೀಗೆ ಪಾಪ ಅಂತ ಮರಗೂ ಮನುಷ್ಯಾನ್ನ ನಾ ನೋಡೇ ಇರ್ಲಿಲ್ಲ. ಆದ್ರ ಅವರ ಕಣ್ಣಾಗ ನೀರು ಬಂದಿತ್ತು. ಗಿಟಾರಿಗೆ ಅಲ್ಲ ಅವರು ಮರಗಾಕತ್ತಿದ್ದು. ಅಂಥಾದ್ದಕ್ಕ ತಾ ತಕ್ಕವನಲ್ಲ ಅಂತ ಮನಸಿನ್ಯಾಗ ಗಟ್ಟಿ ಮಾಡ್ಕೊಂಡಿದ್ರು. ನಾ ಅರ್ಧ ಚಹಾ ಚೆಲ್ಲಿ, "ಹಂಗಿದ್ರ ಕಟ್ಟಿ ನೋಡ್ರಿ" ಅಂದ್ನಿ.

ಕಟ್ಟಿ ನೋಡೂದು ಅಂದ್ರ ನಮ್ಮ ಕಡೆ ಒಂದು ಪದ್ಧತಿ. ಎತ್ತು ಕೊಳ್ಳೂ ಮೊದ್ಲ ಎಂಟ ದಿನ ಒಯ್ದು ಕೆಲಸಕ್ಕ ಹಚ್ಚಿ ನೋಡಬಹುದು. ಹಿಡಿಸಲಿಲ್ಲಂದ್ರ ತಿರುಗಿ ಬಿಟ್ಟು ಬರೂದು. ಆದ್ರ ಆ ಎಂಟ ದಿನ ಎತ್ತನ್ನ ಸ್ವಂತ ಕೊಟ್ಟಿಗ್ಯಾಗ ಕಟ್ಟಬಾರದು, ಬಾಜೂದವ್ರ ಹಿತ್ತಲದಾಗ ಕಟ್ಟಬೇಕು. ಹೊಸ್ತಿಲದ ಮುಂದ ನಿಂದ್ರಿಸಿ ಹೆಣ್ಮಕ್ಕಳು ಅದರ ಪಾದಾ ತೊಳದು ಆರತಿ ಮಾಡೂದು ವ್ಯಾಪಾರ ಗಟ್ಟಿ ಆದ ಮ್ಯಾಲ. ಪಾದಾ ತೊಳದ ಎತ್ತು ಮನೀದು. ಅದನ್ನ ತಿರುಗಿ ಕೊಟ್ರ ಮನೀಗೆ ಒಳ್ಳೇದಲ್ಲ.

ಗೋಕಾಕದ ಸಾವಕಾರ್ರಿಗೆ ಹೆಂಗ ಕೇಳೂದು ಅಂತ ನನಗ ನಾಚಿಕಿ. ಅವರ ಅಪ್ಪ ಹೊಲಾ ಮಾಡಿದ ಮನುಷ್ಯಾ ಅಂತ ಗೊತ್ತಿರ್ಲಿಲ್ಲ. "ಅದಕ್ಕೇನ್ರಿ, ಕಟ್ಟಿ ನೋಡ್ರಿ. ಮಳ್ಯಾಗ ಬಿಡಬ್ಯಾಡ್ರಿ ಅಷ್ಟ" ಅಂದ್ರು. ಹಿಂಗ ಆ ಗಿಟಾರ್ ಶ್ರಾವಣದ ಕಡೀ ಸೋಮವಾರ ಬರೂತನಾ ನನ್ನ ಸ್ಟುಡಿಯೋದಾಗ ಇತ್ತು, ಬಾಜೂದವ್ರ ಹಿತ್ತಲದಂಗ. ಮದಿವಿ ಜೋಡಿ ಕುಂಡ್ರೂ ಮಖಮಲ್ ಕುರ್ಚಿ ಮ್ಯಾಲ ಅದನ್ನ ಕುಂಡ್ರಿಸಿದ್ವಿ. ಮೊದಲನೇ ದಿನ ಕಾಕಾ ಬಂದು ನೋಡಿ ಹ್ವಾದ್ರು. ಹೊಸಾದಕ್ಕ ಬಂದ ದಿನಾನ ಕೆಲಸ ಹಚ್ಚಬಾರದಂತ. ಎರಡನೇ ದಿನ ಬೆನ್ನು ಸವರಿ, ದೃಷ್ಟಿ ಆಗಬಾರದಂತ ಕುತ್ತಿಗಿಗೆ ಕರೀದಾರಾ ಕಟ್ಟಿದ್ರು. ಪಾಸ್‌ಪೋರ್ಟ್ ಫೋಟೋಕ್ಕ ಬಂದ ಒಬ್ಬ ಮುದುಕಿ ಅದನ್ನ ನೋಡಿ ಯಾವುದೋ ದೇವರಂತ ಕೈ ಮುಗದ್ಲು.

ಮೂರನೇ ದಿನ ಬಾರಿಸಿದ್ರು. ಮೊದಲಿನಂಗ ಹಾಡಿನ ಹಿಂದ, ಮೊದಲಿನಂಗ ಆ ಬೆರಳಿಗೆ 'ಟಪ್'. ಆದ್ರ ಧ್ವನಿ! ತುಂಬಿದ ಬಾವ್ಯಾಗ ಕೊಡಾ ಮುಳಿಗಿದಂಗ. ನಾ ಫೋಟೋ ತಿದ್ದೂದ ಬಿಟ್ಟು ಕುಂತ್ನಿ. ಗ್ವಾಡಿ ಆ ಕಡೀಂದ ಕಾಕು ಕೂಗಿದ್ರು. "ತಮ್ಮಾ, ಯಾರ ಅದು ಬಾರಸಾಕತ್ತವ್ರು?"

"ಕಾಕಾ ರೀ!"

"ಸುಳ್ಳ ಹೇಳಬ್ಯಾಡ!"

ಆಮ್ಯಾಲ ದಿನಾ ಆ ಹೊತ್ತಿಗೆ ಗ್ವಾಡಿ ಆ ಕಡೆ ಭಾಂಡಿ ಸಪ್ಪಳ ನಿಲ್ಲಾಕ ಶುರು ಆತು. ಕಾಕಾನ ಮುಖದಾಗೂ ಕಳಿ ಬಂತು. ನಾ ಇನ್ನ ಗೆದ್ದಂಗ ಅಂತ ತಿಳಕೊಂಡಿದ್ನಿ.

ಕಡೀ ಸೋಮವಾರ ಮುಂಜಾನೆ ಕಾಕಾ ಒಗದ ಧೋತರ ಉಟ್ಟು ಬಂದ್ರು. ಕರೀದಾರಾ ಬಿಚ್ಚಿದ್ರು. "ನಡಿ ತಮ್ಮಾ, ಗೋಕಾಕಕ್ಕ ಬಿಟ್ಟು ಬರೂನು. ಭಾಳ ಚಲೋ ಐತಿ ಅದು. ಅದಕ್ಕ ಚಲೋ ಕೈ ಸಿಗಲಿ."

ನಾ ಬೈದ್ನಿ. ಕೈ ಮುಗದ್ನಿ. ಮತ್ತ ಬೈದ್ನಿ. ಅವರು ಸಾವಿರ ಮಂದಿ ಬೈಗಳ ತಿಂದು ಅರಗಿಸಿಕೊಂಡ ದಲ್ಲಾಳಿ. ಮಕ್ಕಳನ್ನ ಎತ್ತಿದಂಗ ಗಿಟಾರ್ ಎರಡೂ ಕೈಯಾಗ ಎತಗೊಂಡು ಹೊರಗ ಹೊಂಟ್ರು. ನಾ ಬೈಕ್ ಚಾಲೂ ಮಾಡಿದ್ನಿ. ಬೈಕ್ ನಿಂತಿದ್ದು ಅವರ ಮನಿ ಬಾಗಲದ ಮುಂದ.

ಹೊಸ್ತಿಲದಾಗ ಕಾಕು ನಿಂತಿದ್ರು. ತಲಿ ಮ್ಯಾಲ ಸೆರಗು, ಒಂದು ಕೈಯಾಗ ತಾಮ್ರದ ತಂಬಗಿ, ಒಂದು ಕೈಯಾಗ ಆರತಿ ತಾಟು.

"ಎಲ್ಲಿಗೆ ಹೊಂಟ್ರಿ?"

"ಗೋಕಾಕಕ್ಕ. ಇದನ್ನ ಕೊಟ್ಟ ಬರ್ತೇನಿ."

"ಒಂದೀಟ ನಿಂದರ್ರಿ" ಅಂದು ಕಾಕು ಮೆಟ್ಟಲ ಇಳದು ಬಂದು, ತಂಬಗಿ ನೀರು ಅಷ್ಟೂ ಗಿಟಾರಿನ ಬುಡಕ್ಕ ಸುರುವಿದ್ರು.

"ಕಾಕೂ! ಕಟಗಿ ಕೆಡತೈತಿ!" ಅಂತ ನಾ ಚೀರಿದ್ನಿ.

"ಏ! ಪಾದಾ ತೊಳದ್ಯಲ್ಲ!" ಅಂತ ಕಾಕಾ ಚೀರಿದ್ರು.

ಕಾಕು ಯಾರ ಕಡೇನೂ ನೋಡ್ಲಿಲ್ಲ. ಸೆರಗಿಲೆ ನೀರು ಒರಸಿ, ಗಿಟಾರಿನ ಹಣಿಗೆ, ಸರಿಯಾಗಿ ಆ ಬಂಗಾರದ ಸಹಿ ಮ್ಯಾಲ, ವಿಭೂತಿ ಹಚ್ಚಿದ್ರು. ಕಾಕಾ ನನ್ನ ಕಡೆ ತಿರುಗಿದ್ರು. "ತಮ್ಮಾ, ಫೋನ್ ಹಚ್ಚು. ಸಾವಕಾರ್ರಿಗೆ ಹಚ್ಚು" ಅಂದ್ರು. ನಾ ಸ್ಪೀಕರ್ ಹಾಕಿ ಹಿಡದ್ನಿ.

"ಸಾವಕಾರ್ರ, ಅನಾಹುತ ಆತ್ರಿ."

"ಯಾಕ್ರಿ ಕಾಕಾ? ಬಿತ್ತೇನು?"

"ಬಿದ್ದಿಲ್ರಿ. ನಮ್ಮಾಕಿ ಪಾದಾ ತೊಳದ್ಲು."

ಆ ಕಡೆ ಸಾವಕಾರ್ರು ಕೇಳಿದ್ರು, "ಆರತಿ ಆತೇನ್ರಿ?"

ಕಾಕಾ ತಿರುಗಿ ನೋಡಿದ್ರು. "ಮಾಡಾಕತ್ತಾಳ್ರಿ."

"ಹಂಗಿದ್ರ ಮುಗೀತ್ರಿ. ನಾ ಇನ್ನ ತಿರುಗಿ ತಗೊಳ್ಳಂಗಿಲ್ಲ. ಒಣಾ ಅರಬಿಲೆ ಒರಸ್ರಿ, ನೆಳ್ಳಾಗ ಇಡ್ರಿ" ಅಂದು ಸಾವಕಾರ್ರು ಫೋನ್ ಇಟ್ರು.

ಬೈಕ್ ಬಂದ್ ಮಾಡಿದ್ನಿ. ಕಾಕು ತಾಟು ಹಿಡಕೊಂಡು ಹಿಂದ ಸರದು ಬಾಗಲಾ ಬಿಟ್ಟು ನಿಂತ್ರು. ಕಾಕಾ ಮಾತ್ರ ಮೆಟ್ಟಲದ ಕೆಳಗ ನಿಂತಾವ್ರು ನಿಂತ ಬಿಟ್ರು, ಒಳಗ ಹೋಗವಲ್ರು. ನನಗ ಆಗ ತಿಳೀತು. ಎತ್ತನ್ನ ಮನಿ ತುಂಬಿಸಿಕೊಳ್ಳೂ ಹೊತ್ತಿನ್ಯಾಗ ದಲ್ಲಾಳಿದು ಕೆಲಸ ಮುಗದಿರತೈತಿ. ಅವ ಅಂಗಳದಾಗ ನಿಂತು ನೋಡಿ, ಹಗ್ಗ ಕೊಟ್ಟು, ಹಂಗ ತಿರುಗಿ ಹೋಗಬೇಕು. ಜಲ್ಮೆಲ್ಲಾ ಎಷ್ಟೋ ಮನಿ ಮುಂದ ಕಾಕಾ ಹಂಗ ನಿಂತು ಬಂದಾರ. ಅವತ್ತು ಅವರಿಗೆ ಹಗ್ಗ ಯಾರ ಕೈಯಾಗ ಕೊಡಬೇಕೋ ತಿಳೀಲಿಲ್ಲ. ನೀರು ತೊಟ್ಟಿಕ್ಕೂ ಗಿಟಾರ್ ಎದಿಗೆ ಅವಚಿಕೊಂಡು ಸಣ್ಣ ಮಕ್ಕಳಂಗ ಅಳಾಕ ಶುರು ಮಾಡಿದ್ರು. ನನಗೂ ತಡಕೊಳ್ಳಾಕ ಆಗಲಿಲ್ಲ.

ಕಾಕು ಒಳಗಿಂದ ಗದರಿಸಿದ್ರು.

"ಹೊರಗ ಯಾಕ ನಿಂತೀರಿ? ಇದು ಮಂದಿ ಮನಿ ಅಲ್ಲ. ಕರಕೊಂಡು ಒಳಗ ಬರ್ರಿ."